ಬೀಸುವುದು, ವಾಲಿಸುವುದು, ಗುರಿ ತೋರುವುದು: ಗೇಮ್ ಕಂಟ್ರೋಲರ್‌ಗಳ ಚಲನೆಯ ಗೊಂದಲ

ವಿಡಿಯೋ ಗೇಮ್ ಕಂಟ್ರೋಲರ್‌ಗಳ ಬಗ್ಗೆ 2025ರಲ್ಲಿ ಬಂದ ಸುದ್ದಿಗಳನ್ನು ಒಟ್ಟಿಗೆ ಇಟ್ಟು ಓದಿದರೆ ಒಂದಕ್ಕೊಂದು ತಾಳೆಯಾಗುವುದಿಲ್ಲ. ಜೂನ್ 5ರಂದು ಮಾರುಕಟ್ಟೆಗೆ ಬಂದ ನಿಂಟೆಂಡೊ ಸ್ವಿಚ್ 2 ಎಂಬ ಗೇಮ್ ಯಂತ್ರದ ಜಾಯ್-ಕಾನ್ ಕಂಟ್ರೋಲರನ್ನು ಮಗ್ಗುಲಾಗಿ ಮೇಜಿನ ಮೇಲಿಟ್ಟು ಕಂಪ್ಯೂಟರ್ ಮೌಸ್‌ನಂತೆ ಸರಿಸಬಹುದು; ಆದರೆ ಹಳೆಯ ಬಲಗೈ ಜಾಯ್-ಕಾನ್‌ನಲ್ಲಿದ್ದ ಇನ್‌ಫ್ರಾರೆಡ್ ಕ್ಯಾಮೆರಾ ಹೊಸದರಲ್ಲಿ ಇಲ್ಲ. ನವೆಂಬರಿನಲ್ಲಿ ವಾಲ್ವ್ ಕಂಪನಿ ಘೋಷಿಸಿದ ಹೊಸ ಸ್ಟೀಮ್ ಕಂಟ್ರೋಲರ್, ಹಿಡಿಕೆಯ ಮೇಲೆ ಬೆರಳಿನ ಸ್ಪರ್ಶವನ್ನು ಗುರುತಿಸಿ ಕೈಯ ಚಲನೆಯನ್ನು ಓದಬೇಕೇ ಬೇಡವೇ ಎಂದು ನಿರ್ಧರಿಸಬಲ್ಲದು. ಸೋನಿಯ ಪ್ಲೇಸ್ಟೇಷನ್ ಕಂಟ್ರೋಲರ್‌ಗಳಲ್ಲಿ 2006ರಿಂದಲೂ ಚಲನೆಯ ಸೆನ್ಸರ್ ಇದೆ. ಮೈಕ್ರೋಸಾಫ್ಟ್‌ನ ಎಕ್ಸ್‌ಬಾಕ್ಸ್ ಸೀರೀಸ್ ಕಂಟ್ರೋಲರ್‌ನಲ್ಲಿ ಅದು ಇಲ್ಲವೇ ಇಲ್ಲ. ಹಾಗಾದರೆ ಕಂಟ್ರೋಲರನ್ನೇ ಅಲುಗಿಸಿ ಆಡುವ ಮೋಷನ್ ಕಂಟ್ರೋಲ್ ಎಂಬುದು ಮರಳಿ ಬರುತ್ತಿದೆಯೋ, ಹೊರಟುಹೋಗುತ್ತಿದೆಯೋ?

ಈ ಪ್ರಶ್ನೆಗೆ ಒಂದೇ ಮಾತಿನ ಉತ್ತರ ಸಿಗದಿರುವುದಕ್ಕೆ ಕಾರಣವಿದೆ. ಮೂರು ಬೇರೆ ಬೇರೆ ಕೆಲಸಗಳಿಗೆ ನಾವು ಒಂದೇ ಹೆಸರು ಕೊಟ್ಟುಕೊಂಡಿದ್ದೇವೆ. ಅವುಗಳಲ್ಲಿ ಒಂದು ಬಹುಮಟ್ಟಿಗೆ ಮರೆಯಾಗಿದೆ, ಒಂದು ಸದ್ದಿಲ್ಲದೆ ಬೇರೂರಿದೆ, ಇನ್ನೊಂದು ರೂಪ ಬದಲಿಸಿಕೊಂಡಿದೆ. ಶಿವಮೊಗ್ಗ, ತೀರ್ಥಹಳ್ಳಿ, ಸಾಗರದ ಕಡೆ ಗೇಮ್ ಕನ್ಸೋಲ್‌ಗಿಂತ ಮೊಬೈಲ್ ಫೋನಿನಲ್ಲೇ ಆಡುವವರು ಹೆಚ್ಚು. ಈ ಚರ್ಚೆ ತಮಗೆ ಸಂಬಂಧಿಸಿದ್ದಲ್ಲವೆಂದು ಅವರಿಗೆ ತೋರಬಹುದು. ಆದರೆ ಬಿಜಿಎಂಐ (ಬ್ಯಾಟಲ್‌ಗ್ರೌಂಡ್ಸ್ ಮೊಬೈಲ್ ಇಂಡಿಯಾ) ಎಂಬ ಶೂಟಿಂಗ್ ಆಟ ಆಡುವಾಗ ಸೆಟ್ಟಿಂಗ್ಸ್‌ನಲ್ಲಿ ಜೈರೋಸ್ಕೋಪ್ (ಚಿಕ್ಕದಾಗಿ ಜೈರೋ, ತಿರುಗುವುದನ್ನು ಅಳೆಯುವ ಸೆನ್ಸರ್) ಎಂಬ ಆಯ್ಕೆಯನ್ನು ಒತ್ತಿದವರೆಲ್ಲ ಈ ವಿಷಯದ ಒಳಗೇ ಇದ್ದಾರೆ.

ಮೂರು ಹೆಸರು, ಮೂರು ಕೆಲಸ

ಟೆನಿಸ್ ಆಟದಲ್ಲಿ ರ‍್ಯಾಕೆಟ್ ಬೀಸಿದಂತೆ ಕಂಟ್ರೋಲರನ್ನು ಬೀಸುವುದು ಮೊದಲನೆಯ ಕೆಲಸ. ಯಾವ ಕ್ಷಣದಲ್ಲಿ ಬೀಸಿದರು, ಎಷ್ಟು ರಭಸದಿಂದ ಬೀಸಿದರು ಎಂಬುದಷ್ಟೇ ಇಲ್ಲಿ ಆಟಕ್ಕೆ ಬೇಕು. ಕಾರಿನ ಸ್ಟಿಯರಿಂಗ್‌ನಂತೆ ಅಡ್ಡ ಹಿಡಿದು ಎಡಕ್ಕೋ ಬಲಕ್ಕೋ ವಾಲಿಸುವುದು ಎರಡನೆಯದು. ನೆಲಮಟ್ಟಕ್ಕೆ ಹೋಲಿಸಿದರೆ ಕಂಟ್ರೋಲರ್ ಎಷ್ಟು ಡಿಗ್ರಿ ವಾಲಿದೆ ಎಂಬುದನ್ನು ಆಟ ತಿಳಿಯಬೇಕು. ಪರದೆಯ ಮೇಲಿನ ಒಂದು ಬಿಂದುವಿನತ್ತ ಬೆರಳು ಚಾಚಿದಂತೆ ಗುರಿ ತೋರುವುದು ಮೂರನೆಯದು, ಮತ್ತು ಇದು ಮೂರರಲ್ಲಿ ಕಠಿಣವಾದದ್ದು. ಏಕೆಂದರೆ ಕೈಯ ಚಲನೆ ತಿಳಿದರೆ ಸಾಲದು, ಪರದೆ ಎಲ್ಲಿದೆ ಎಂಬುದೂ ತಿಳಿದಿರಬೇಕು.

ಈಗಿನ ಶೂಟಿಂಗ್ ಆಟಗಳಲ್ಲಿ ಜೈರೋ ಬಳಸಿ ಗುರಿ ಹಿಡಿಯುವುದು ಈ ಎರಡನೆಯ ಮತ್ತು ಮೂರನೆಯ ಕೆಲಸಗಳ ನಡುವೆ ನಿಲ್ಲುತ್ತದೆ. ನೋಡುವವರಿಗೆ ಅದು ಗುರಿ ತೋರಿದಂತೆಯೇ ಕಾಣುತ್ತದೆ. ಆದರೆ ಕಂಟ್ರೋಲರ್‌ಗೆ ಪರದೆಯ ಸುಳಿವೇ ಇರುವುದಿಲ್ಲ. ಈ ಕ್ಷಣ ಹಿಂದಿನ ಕ್ಷಣಕ್ಕಿಂತ ಎಷ್ಟು ತಿರುಗಿದೆ ಎಂಬುದು ಮಾತ್ರ ಅದಕ್ಕೆ ಗೊತ್ತು.

ತೂಗುಗುಂಡು ಮತ್ತು ಬುಗುರಿ

ಈ ಕೆಲಸಗಳ ಹಿಂದೆ ಮುಖ್ಯವಾಗಿ ಎರಡು ಸೆನ್ಸರ್‌ಗಳಿವೆ. ಅಕ್ಸೆಲೆರೋಮೀಟರನ್ನು ಅರಿಯಲು, ಗೋಡೆ ನೆಟ್ಟಗಿದೆಯೇ ಎಂದು ನೋಡಲು ಗಾರೆಯವರು ಇಳಿಬಿಡುವ ತೂಗುಗುಂಡನ್ನು ನೆನೆದರೆ ಸಾಕು. ಸಿಲಿಕಾನ್ ಚಿಪ್ಪಿನೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ತುಂಡೊಂದು ಸ್ಪ್ರಿಂಗುಗಳ ಮೇಲೆ ನಿಂತಿರುತ್ತದೆ. ಚಿಪ್ಪು ವಾಲಿದಾಗ ಭೂಮಿಯ ಸೆಳೆತದಿಂದ ಆ ತುಂಡು ಒಂದು ಬದಿಗೆ ಜರುಗುತ್ತದೆ. ಜರುಗಿದಷ್ಟಕ್ಕೆ ಪಕ್ಕದ ತಗಡುಗಳ ನಡುವಿನ ವಿದ್ಯುತ್ ಸಂಗ್ರಹ ಬದಲಾಗುತ್ತದೆ. ಆ ಬದಲಾವಣೆಯನ್ನು ಅಳೆದು ವಾಲಿದ ಕೋನವನ್ನು ಲೆಕ್ಕ ಹಾಕಲಾಗುತ್ತದೆ. ಕೈ ಅಲುಗದೆ ಇರುವಷ್ಟು ಹೊತ್ತು ಈ ಲೆಕ್ಕ ಬಹಳ ನಂಬಿಕಸ್ಥವಾದದ್ದು. ಕೈ ಬೀಸಿದೊಡನೆ ಆ ತುಂಡು ಸೆಳೆತಕ್ಕೂ ಜರುಗುತ್ತದೆ, ಬೀಸಿಗೂ ಜರುಗುತ್ತದೆ. ಯಾವುದು ಎಷ್ಟು ಎಂದು ಬೇರ್ಪಡಿಸಲು ಚಿಪ್ಪಿಗೆ ದಾರಿಯಿಲ್ಲ.

ಜೈರೋಸ್ಕೋಪ್ ಎಂದೊಡನೆ ನೆನಪಾಗುವುದು ಬುಗುರಿ. ವೇಗವಾಗಿ ತಿರುಗುವ ಬುಗುರಿ ತನ್ನ ಅಕ್ಷವನ್ನು ಸುಲಭಕ್ಕೆ ಬಿಟ್ಟುಕೊಡುವುದಿಲ್ಲ, ಹಳೆಯ ಹಡಗು ಮತ್ತು ವಿಮಾನಗಳ ಜೈರೋಸ್ಕೋಪ್ ಆ ಗುಣವನ್ನೇ ನೆಚ್ಚಿಕೊಂಡಿತ್ತು. ಕಂಟ್ರೋಲರ್ ಮತ್ತು ಫೋನುಗಳ ಚಿಪ್ಪಿನಲ್ಲಿ ತಿರುಗುವ ಭಾಗವೇ ಇಲ್ಲ. ಅಲ್ಲಿರುವುದು ಸದಾ ಕಂಪಿಸುತ್ತಿರುವ ಒಂದು ಸಣ್ಣ ತುಂಡು. ಚಿಪ್ಪನ್ನು ತಿರುಗಿಸಿದಾಗ, ತಿರುಗುವುದರ ಮೇಲೆ ಚಲಿಸುವ ವಸ್ತುವನ್ನು ಪಕ್ಕಕ್ಕೆ ಸರಿಸುವ ಕೊರಿಯೊಲಿಸ್ ಪರಿಣಾಮದಿಂದ ಆ ಕಂಪನ ಪಕ್ಕಕ್ಕೆ ಸರಿಯುತ್ತದೆ, ಸರಿದ ಪ್ರಮಾಣದಿಂದ ತಿರುಗುವ ವೇಗ ತಿಳಿಯುತ್ತದೆ. ಜೈರೋ ಹೇಳುವುದು ವೇಗವನ್ನು ಮಾತ್ರ, ಕೋನವನ್ನಲ್ಲ. ಕೋನ ಬೇಕಾದರೆ ಕ್ಷಣಕ್ಷಣದ ವೇಗವನ್ನು ಕೂಡಿಸುತ್ತ ಹೋಗಬೇಕು, ಕೂಡಿಸುವಾಗ ಪ್ರತಿ ಅಳತೆಯ ಸಣ್ಣ ತಪ್ಪೂ ಕೂಡುತ್ತದೆ. ಕೆಲವು ನಿಮಿಷಗಳಲ್ಲಿ ಕಂಟ್ರೋಲರ್ ಅಲುಗದಿದ್ದರೂ ಗುರಿ ತಾನಾಗಿ ಒಂದು ಬದಿಗೆ ಸರಿಯುವುದಕ್ಕೆ ಇದೇ ಕಾರಣ.

ಈ ತಪ್ಪನ್ನು ತಿದ್ದಲು ಎರಡು ಸೆನ್ಸರ್‌ಗಳನ್ನು ಜೊತೆಗೂಡಿಸುತ್ತಾರೆ: ಕ್ಷಣಿಕ ತಿರುಗಾಟಕ್ಕೆ ಜೈರೋವನ್ನು ನಂಬುವುದು, ದೀರ್ಘಕಾಲದ ವಾಲಿಕೆಗೆ ಅಕ್ಸೆಲೆರೋಮೀಟರನ್ನು ನಂಬುವುದು. ಈ ತಿದ್ದುಪಡಿಗೆ ಒಂದು ಮಿತಿಯಿದೆ. ಮೂಡಣಕ್ಕೆ ಮುಖ ಮಾಡಿದರೂ ಪಡುವಣಕ್ಕೆ ಮುಖ ಮಾಡಿದರೂ ತೂಗುಗುಂಡು ನೆಲದತ್ತಲೇ ನೇತಾಡುವುದರಿಂದ, ಎಡಬಲದ ದಿಕ್ಕನ್ನು ಅದು ತಿದ್ದಲಾರದು. ಆದ್ದರಿಂದಲೇ ಜೈರೋ ಬಳಸುವ ಆಟಗಳಲ್ಲಿ ಗುರಿಯನ್ನು ಮತ್ತೆ ನಡುವಿಗೆ ತರಲು ಒಂದು ಬಟನ್ ಕೊಡಬೇಕಾಗುತ್ತದೆ.

ಕೈ ಎಲ್ಲಿಂದ ಎಲ್ಲಿಗೆ ಸರಿಯಿತು ಎಂಬುದನ್ನು ಅಕ್ಸೆಲೆರೋಮೀಟರ್‌ನಿಂದಲೇ ಕಂಡುಹಿಡಿಯಬಹುದಲ್ಲ ಎಂದು ಕೇಳಬಹುದು. ಅಳತೆಯಲ್ಲಿ, ವೇಗವನ್ನು ಪ್ರತಿ ಸೆಕೆಂಡಿಗೂ ಸೆಕೆಂಡಿಗೆ 1 ಸೆಂಟಿಮೀಟರ್‌ನಷ್ಟು ಹೆಚ್ಚಿಸಿ ತೋರುವ ಅಲ್ಪ ತಪ್ಪು ಉಳಿದಿದ್ದರೂ, 10 ಸೆಕೆಂಡಿನಲ್ಲಿ ಅದು ಅರ್ಧ ಮೀಟರ್ ಆಗುತ್ತದೆ, 20 ಸೆಕೆಂಡಿನಲ್ಲಿ 2 ಮೀಟರ್ ಆಗುತ್ತದೆ. ಸಮಯ ಇಮ್ಮಡಿಯಾದರೆ ತಪ್ಪು ನಾಲ್ಮಡಿಯಾಗುವ ಈ ಲೆಕ್ಕವೇ, ಕೈಯ ಜಾಗವನ್ನು ತಿಳಿಯಲು ಕ್ಯಾಮೆರಾದಂಥ ಹೊರಗಿನ ಸಾಕ್ಷಿ ಬೇಕೆಂದು ಒತ್ತಾಯಿಸುತ್ತದೆ.

ಆಗುಂಬೆ ಘಾಟಿಯ ಬಸ್ಸಿನಲ್ಲಿ

ಎರಡು ಸೆನ್ಸರ್‌ಗಳ ಸ್ವಭಾವ ಎಷ್ಟು ಬೇರೆ ಎಂಬುದು ಮಲೆನಾಡಿನ ಬಸ್ಸಿನಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಆಗುಂಬೆ ಘಾಟಿಯ ಹೇರ್‌ಪಿನ್ ತಿರುವುಗಳಲ್ಲಿ ಇಳಿಯುತ್ತಿರುವ ಬಸ್ಸಿನಲ್ಲಿ ಒಬ್ಬರು ಫೋನನ್ನು ವಾಲಿಸಿ ಓಡಿಸುವ ಕಾರ್ ರೇಸ್ ಆಡುತ್ತಿದ್ದಾರೆ, ಪಕ್ಕದವರು ಜೈರೋ ಬಳಸುವ ಶೂಟಿಂಗ್ ಆಟ ಆಡುತ್ತಿದ್ದಾರೆ ಎಂದು ಭಾವಿಸೋಣ. ಬಸ್ಸು ಗಂಟೆಗೆ 20 ಕಿಲೋಮೀಟರ್ ವೇಗದಲ್ಲಿ 12 ಮೀಟರ್ ತ್ರಿಜ್ಯದ ತಿರುವಿನಲ್ಲಿ ಬಲಕ್ಕೆ ಹೊರಳುತ್ತದೆ. ಬಸ್ಸಿನೊಳಗೆ ತೂಗುಬಿಟ್ಟ ಗುಂಡು ಆಗ ಸುಮಾರು 15 ಡಿಗ್ರಿ ಎಡಕ್ಕೆ ವಾಲುತ್ತದೆ. ಅಕ್ಸೆಲೆರೋಮೀಟರ್ ಆ ಗುಂಡಿನಂಥದೇ ಆದ್ದರಿಂದ, ನೆಲ ಎಡಕ್ಕೆ ಸರಿದಿದೆ, ಅಂದರೆ ಫೋನು ಎಡಕ್ಕೆ ವಾಲಿದೆ ಎಂದು ತಿಳಿಯುತ್ತದೆ. ಬಸ್ಸು ಬಲಕ್ಕೆ ತಿರುಗಿದರೆ ಪರದೆಯ ಕಾರು ಎಡಕ್ಕೆ ಹೋಗುತ್ತದೆ.

ಪಕ್ಕದವರ ಆಟದಲ್ಲಿ ಆಗುವುದು ಇದಕ್ಕೆ ತಿರುವುಮುರುವು. ಜೈರೋ ಬಸ್ಸಿನ ತಿರುಗಾಟವನ್ನೂ ಕೈಯ ತಿರುಗಾಟವನ್ನೂ ಕೂಡಿಸಿಯೇ ಓದುತ್ತದೆ. ಆಟಗಾರ, ಫೋನು, ಸೀಟು ಎಲ್ಲವೂ ಬಸ್ಸಿನೊಡನೆ ಬಲಕ್ಕೆ ತಿರುಗಿರುವುದರಿಂದ ಆಟಗಾರರಿಗೆ ತಾವು ಕೈ ಅಲುಗಿಸಿದ್ದೇ ಇಲ್ಲವೆನಿಸುತ್ತದೆ. ಆದರೂ ಪರದೆಯ ಮೇಲಿನ ನೋಟ ಬಲಕ್ಕೆ ಸರ್ರನೆ ಸುತ್ತಿಕೊಳ್ಳುತ್ತದೆ. ಒಂದೇ ತಿರುವು, ಎರಡು ಫೋನು, ಎರಡು ವಿರುದ್ಧ ತಪ್ಪುಗಳು. ಫೋನಿನಲ್ಲಾಗಲಿ ಆಟದಲ್ಲಾಗಲಿ ಕೆಡುಕೇನೂ ಇಲ್ಲ. ಎರಡು ಸೆನ್ಸರ್‌ಗಳೂ ತಮಗೆ ಗೊತ್ತಿರುವುದನ್ನು ಸರಿಯಾಗಿಯೇ ಹೇಳುತ್ತಿವೆ.

ಎರಡು ಬೆಳಕುಗಳ ನಡುವಿನ ಗುರಿ

ಪರದೆಗೆ ನೇರವಾಗಿ ಗುರಿ ತೋರುವ ಸಮಸ್ಯೆಯನ್ನು 2006ರ ನವೆಂಬರಿನಲ್ಲಿ ಬಂದ ನಿಂಟೆಂಡೊ ವೀ ಬಹಳ ಸರಳವಾಗಿ ಬಿಡಿಸಿತು. ಟಿವಿಯ ಮೇಲೆಯೋ ಕೆಳಗೋ ಇಡುತ್ತಿದ್ದ ಪಟ್ಟಿಗೆ ಸೆನ್ಸರ್ ಬಾರ್ ಎಂದು ಹೆಸರಿಟ್ಟಿದ್ದರೂ ಅದು ಏನನ್ನೂ ಗ್ರಹಿಸುತ್ತಿರಲಿಲ್ಲ. ಅದರ ಎರಡು ತುದಿಗಳಲ್ಲಿ ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕು ಉರಿಯುತ್ತಿತ್ತು, ಅಷ್ಟೇ. ಗ್ರಹಿಸುವ ಕ್ಯಾಮೆರಾ ಇದ್ದದ್ದು ಕೈಯಲ್ಲಿ ಹಿಡಿದ ರಿಮೋಟಿನ ಮೂತಿಯಲ್ಲಿ. ಆ ಕ್ಯಾಮೆರಾಕ್ಕೆ ಎರಡು ಬೆಳಕಿನ ಚುಕ್ಕೆಗಳು ಎಲ್ಲಿ ಕಂಡವು ಎಂಬುದರಿಂದ ರಿಮೋಟ್ ಎತ್ತ ಮುಖ ಮಾಡಿದೆ ಎಂದೂ, ಚುಕ್ಕೆಗಳ ನಡುವಿನ ಅಂತರದಿಂದ ಆಟಗಾರ ಎಷ್ಟು ದೂರ ಕುಳಿತಿದ್ದಾನೆ ಎಂದೂ, ಚುಕ್ಕೆಗಳ ಸಾಲು ಎಷ್ಟು ಓರೆಯಾಗಿದೆ ಎಂಬುದರಿಂದ ಕೈ ಎಷ್ಟು ಹೊರಳಿದೆ ಎಂದೂ ಲೆಕ್ಕ ಸಿಗುತ್ತಿತ್ತು. ಪಟ್ಟಿ ಕೆಟ್ಟಾಗ ಅದರ ಜಾಗದಲ್ಲಿ ಎರಡು ಮೇಣದಬತ್ತಿ ಹಚ್ಚಿಟ್ಟರೂ ಗುರಿ ನಡೆಯುತ್ತಿತ್ತು, ಏಕೆಂದರೆ ಜ್ವಾಲೆಯಲ್ಲಿ ಇನ್‌ಫ್ರಾರೆಡ್ ಧಾರಾಳವಾಗಿರುತ್ತದೆ. ಅದೇ ಕಾರಣಕ್ಕೆ, ಬಿಸಿಲು ನೇರವಾಗಿ ಬೀಳುವ ಜಗುಲಿಯಂಥ ಜಾಗದಲ್ಲಿ ಕ್ಯಾಮೆರಾಕ್ಕೆ ಸುಳ್ಳು ಚುಕ್ಕೆಗಳು ಕಂಡು ಗುರಿ ಹಾರಾಡುತ್ತದೆ.

ಈ ವಿಧಾನದಲ್ಲಿ ಗುರಿ ಸರಿದುಹೋಗುವ ತೊಂದರೆ ಇಲ್ಲ. ಚುಕ್ಕೆಗಳು ಕಾಣುವವರೆಗೆ ಪರದೆ ಎಲ್ಲಿದೆ ಎಂಬುದು ಸದಾ ಗೊತ್ತಿರುತ್ತದೆ. ಆದರೆ ಕೈ ನಡುಕಕ್ಕೆ ಇಲ್ಲಿ ಪರಿಹಾರವಿಲ್ಲ. ಅಡಿಕೆ ಕೊನೆ ತೆಗೆಯಲು ಉದ್ದನೆಯ ದೋಟಿ ಹಿಡಿದವರಿಗೆ ಈ ಲೆಕ್ಕ ಕೈಗೇ ಗೊತ್ತು: 60 ಅಡಿ ದೋಟಿಯ ಬುಡ 1 ಡಿಗ್ರಿ ಓಲಿದರೆ ತುದಿ ಹೆಚ್ಚುಕಡಿಮೆ 1 ಅಡಿ ಸರಿಯುತ್ತದೆ. ಟಿವಿಯಿಂದ 3 ಮೀಟರ್ ದೂರ ಕುಳಿತು ಗುರಿ ತೋರುವಾಗ 1 ಡಿಗ್ರಿ ಎಂದರೆ ಪರದೆಯ ಮೇಲೆ ಸುಮಾರು 5 ಸೆಂಟಿಮೀಟರ್. ಕೈಯನ್ನು ಎಲ್ಲಿಯೂ ಊರದೆ ಗಂಟೆಗಟ್ಟಲೆ ಗಾಳಿಯಲ್ಲಿ ಹಿಡಿದಿರುವುದು ಯಾರಿಗಾದರೂ ಕಷ್ಟ.

2017ರ ಸ್ವಿಚ್, ಟಿವಿ ಇಲ್ಲದೆಯೂ ಆಡುವಂಥ ಯಂತ್ರವಾದ್ದರಿಂದ ಅದರೊಡನೆ ಬೆಳಕಿನ ಪಟ್ಟಿಯನ್ನು ಕೊಡುವುದು ಸಾಧ್ಯವಿರಲಿಲ್ಲ. ಗುರಿ ತೋರುವ ಕೆಲಸ ಜೈರೋದ ಪಾಲಿಗೆ ಬಂತು, ಅದರ ಬೆನ್ನಿಗೆ ಸರಿಯುವ ಗುರಿಯನ್ನು ಮತ್ತೆ ಮತ್ತೆ ನಡುವಿಗೆ ತರುವ ಕೆಲಸವೂ ಬಂತು. ಸ್ವಿಚ್ 2ರ ಮೌಸ್ ಆ ತೊಂದರೆಗೆ ಕೊಟ್ಟ ಉತ್ತರಗಳಲ್ಲಿ ಒಂದು ಎಂದು ಓದಿಕೊಂಡರೆ ಸುದ್ದಿಯ ಗೊಂದಲ ಕಡಿಮೆಯಾಗುತ್ತದೆ. ಮೇಜಿನ ಮೇಲ್ಮೈಯನ್ನು ಬೆಳಕಿನಿಂದ ಓದುವ ಮೌಸ್ ನಿಂತಲ್ಲಿ ನಿಲ್ಲುತ್ತದೆ, ಕೈಗೆ ಊರಲು ಜಾಗವಿರುವುದರಿಂದ ನಡುಕವೂ ತಗ್ಗುತ್ತದೆ. ಬದಲಿಗೆ ಅದು ಒಂದು ಸಮತಟ್ಟು ಜಾಗವನ್ನು ಕೇಳುತ್ತದೆ. ಚಾಪೆಯ ಮೇಲೆ ಗೋಡೆಗೊರಗಿ ಕುಳಿತು ಆಡುವ ಮನೆಗಳಲ್ಲಿ ಇದು ಸಣ್ಣ ಷರತ್ತೇನೂ ಅಲ್ಲ.

ಬೀಸಾಟದ ಏಳುಬೀಳು

ಜನರ ಮನಸ್ಸಿನಲ್ಲಿ ಮೋಷನ್ ಕಂಟ್ರೋಲ್ ಎಂದರೆ ಇಂದಿಗೂ ಬೀಸಾಟವೇ. ವೀ ಯಂತ್ರ 10 ಕೋಟಿಗೂ ಹೆಚ್ಚು ಮಾರಾಟವಾಯಿತು, ಆ ವರೆಗೆ ಗೇಮ್ ಮುಟ್ಟದ ಹಿರಿಯರೂ ಅದನ್ನು ಆಡಿದರು. ಬೀಸುವ ಭರದಲ್ಲಿ ರಿಮೋಟ್ ಕೈಜಾರಿ ಹಾರುತ್ತಿದ್ದುದರಿಂದ 2006ರ ಡಿಸೆಂಬರಿನಲ್ಲೇ ಕಂಪನಿ ಸುಮಾರು 32 ಲಕ್ಷ ಮಣಿಕಟ್ಟಿನ ಪಟ್ಟಿಗಳನ್ನು ಬದಲಿಸಿಕೊಡಲು ಮುಂದಾಯಿತು. ಮೊದಲ ರಿಮೋಟಿನಲ್ಲಿದ್ದದ್ದು ಅಕ್ಸೆಲೆರೋಮೀಟರ್ ಮತ್ತು ಕ್ಯಾಮೆರಾ ಮಾತ್ರ. ಬೀಸುವಾಗ ಕೈ ಹೇಗೆ ಹೊರಳಿತೆಂಬುದು ಅದಕ್ಕೆ ಸರಿಯಾಗಿ ತಿಳಿಯುತ್ತಿರಲಿಲ್ಲ. ಜೈರೋ ಇರುವ ಮೋಷನ್‌ಪ್ಲಸ್ ಎಂಬ ಜೋಡಣೆ 2009ರಲ್ಲಿ ಬಂತು. 2010ರಲ್ಲಿ ಸೋನಿ ಮೂವ್ ಎಂಬ, ತುದಿಯಲ್ಲಿ ಬೆಳಗುವ ಗೋಳವಿದ್ದ ಕೋಲನ್ನೂ, ಮೈಕ್ರೋಸಾಫ್ಟ್ ಕೈಯಲ್ಲಿ ಏನೂ ಹಿಡಿಯದೆ ಮೈಯ ಚಲನೆಯನ್ನೇ ನೋಡುವ ಕಿನೆಕ್ಟ್ ಕ್ಯಾಮೆರಾವನ್ನೂ ತಂದವು. ಕಿನೆಕ್ಟ್ ಮೊದಲ 60 ದಿನಗಳಲ್ಲಿ 80 ಲಕ್ಷ ಮಾರಾಟವಾಯಿತು. 2014ರಲ್ಲಿ ಎಕ್ಸ್‌ಬಾಕ್ಸ್ ಒನ್ ಯಂತ್ರವನ್ನು ಕಿನೆಕ್ಟ್ ಇಲ್ಲದೆಯೂ ಮಾರತೊಡಗಿದರು, 2017ರಲ್ಲಿ ಕಿನೆಕ್ಟ್ ತಯಾರಿಕೆಯೇ ನಿಂತಿತು.

ಇಷ್ಟು ಬೇಗ ಏರಿ ಇಳಿದದ್ದಕ್ಕೆ ಜನರ ಚಂಚಲತೆಯನ್ನು ದೂರುವುದು ಸರಿಯಲ್ಲ. ಗಾಳಿಯಲ್ಲಿ ಕತ್ತಿ ಬೀಸಿದಾಗ ಎದುರಾಳಿಯ ಕತ್ತಿಗೆ ತಗುಲಿದ ಪೆಟ್ಟು ಕೈಗೆ ತಿಳಿಯುವುದಿಲ್ಲ. ಪರದೆಯ ಕತ್ತಿ ನಿಂತರೂ ಕೈ ಮುಂದಕ್ಕೆ ಹೋಗಿರುತ್ತದೆ, ಅಲ್ಲಿಂದ ಎರಡಕ್ಕೂ ಹೊಂದಾಣಿಕೆ ತಪ್ಪುತ್ತದೆ. ಇನ್ನೊಂದು ಕಡೆ, ಒಂದು ಬಟನ್ ಒತ್ತಿದರೆ ಮುಗಿಯುವ ಕೆಲಸಕ್ಕೂ ಕಂಟ್ರೋಲರ್ ಕುಲುಕಬೇಕೆಂದು ಅನೇಕ ಆಟಗಳು ಕಟ್ಟಳೆ ಮಾಡಿದವು. ಆಟಗಾರರು ಬೇಸತ್ತದ್ದು ಚಲನೆಯಿಂದಲ್ಲ, ಈ ಕಟ್ಟಳೆಯಿಂದ. ಜೆಲ್ಡಾ ಸರಣಿಯ ಸ್ಕೈವರ್ಡ್ ಸೋರ್ಡ್ 2011ರಲ್ಲಿ ಬಂದಾಗ ಮೋಷನ್‌ಪ್ಲಸ್ ಇಲ್ಲದೆ ಆಡಲಾಗುತ್ತಿರಲಿಲ್ಲ. 2021ರಲ್ಲಿ ಅದೇ ಆಟ ಸ್ವಿಚ್‌ಗೆ ಬಂದಾಗ ಬೀಸದೆ ಬಟನ್ ಮತ್ತು ಸ್ಟಿಕ್‌ನಿಂದಲೇ ಕತ್ತಿ ಆಡಿಸುವ ದಾರಿಯನ್ನೂ ಕೊಟ್ಟಿತು. ಹತ್ತು ವರ್ಷಗಳಲ್ಲಿ ಕಡ್ಡಾಯ ಹೋಗಿ ಆಯ್ಕೆ ಬಂದದ್ದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ಬೇಡ.

ಹೆಬ್ಬೆರಳೋ, ಮಣಿಕಟ್ಟೋ

ಈಗಿನ ನಿಜವಾದ ವಾದ ಗುರಿ ಹಿಡಿಯುವುದರ ಬಗ್ಗೆ. ಕಂಟ್ರೋಲರ್‌ನ ಸ್ಟಿಕ್ ವೇಗವನ್ನು ಹೇಳುತ್ತದೆ: ಹೆಬ್ಬೆರಳಿನಿಂದ ಬಲಕ್ಕೆ ದೂಡಿದಷ್ಟು ಹೊತ್ತೂ ನೋಟ ಬಲಕ್ಕೆ ಹೋಗುತ್ತಲೇ ಇರುತ್ತದೆ, ಸರಿಯಾದ ಕ್ಷಣಕ್ಕೆ ಬಿಡಬೇಕು. ಮೌಸ್ ಮತ್ತು ವೇಗವನ್ನು ಕೂಡಿಸಿ ಓದಿದ ಜೈರೋ ದೂರವನ್ನು ಹೇಳುತ್ತವೆ: ಕೈ ಎಷ್ಟು ತಿರುಗಿತೋ ನೋಟ ಅದಕ್ಕೆ ತಕ್ಕಷ್ಟೇ ತಿರುಗಿ ನಿಲ್ಲುತ್ತದೆ. ಬಯಸಿದ ಜಾಗದಲ್ಲಿ ನಿಲ್ಲಿಸುವುದು ಎರಡನೆಯ ವಿಧಾನದಲ್ಲಿ ಸುಲಭ. ಸ್ಟಿಕ್‌ನ ಕೊರತೆ ತುಂಬಲು ಆಟಗಳು ಏಮ್ ಅಸಿಸ್ಟ್ ಎಂಬ ಸಹಾಯ ಕೊಡುತ್ತವೆ; ಗುರಿ ಎದುರಾಳಿಯ ಹತ್ತಿರ ಬಂದಾಗ ಅದನ್ನು ನಿಧಾನಗೊಳಿಸುವುದು ಅಥವಾ ಆ ಕಡೆಗೆ ತುಸು ಸೆಳೆಯುವುದು.

ಜೈರೋ ಪರವಾದವರು, ಯಂತ್ರದ ಸಹಾಯಕ್ಕಿಂತ ಕೈಯ ಪಳಗಿಕೆ ನ್ಯಾಯವಾದದ್ದು ಎನ್ನುತ್ತಾರೆ. 2015ರಲ್ಲಿ ಬಂದ ಸ್ಪ್ಲಟೂನ್ ಜೈರೋದಿಂದ ಗುರಿ ಹಿಡಿಯುವುದನ್ನೇ ಮುಖ್ಯ ದಾರಿಯಾಗಿ ಮಾಡಿಕೊಂಡು ಬೆಳೆದದ್ದನ್ನು ಅವರು ತೋರಿಸುತ್ತಾರೆ. ವಿರೋಧಿಸುವವರು, ಸೋಫಾದಲ್ಲಿ ಮಲಗಿಯೋ ಒರಗಿಯೋ ಆಡುವವರಿಗೆ ಕೈ ನೇರ ಹಿಡಿಯುವ ಶಿಸ್ತು ಹೊರೆ, ವರ್ಷಗಟ್ಟಲೆ ಕಲಿತ ಹೆಬ್ಬೆರಳಿನ ಅಭ್ಯಾಸವನ್ನು ಬಿಡಿಸಲು ಕಾರಣವಿಲ್ಲ ಎನ್ನುತ್ತಾರೆ. ಈ ಆಕ್ಷೇಪದಲ್ಲೂ ಹುರುಳಿದೆ. ಆದರೆ ಅದು ಜೈರೋ ಕಡ್ಡಾಯವಾಗಬಾರದು ಎಂಬುದನ್ನು ಸಾಧಿಸುತ್ತದೆಯೇ ಹೊರತು ಇರಬಾರದು ಎಂಬುದನ್ನಲ್ಲ. ಹೆಬ್ಬೆರಳಿನಲ್ಲಿ ಬಲವಿಲ್ಲದವರಿಗೆ ಮಣಿಕಟ್ಟಿನ ಚಲನೆ ಆಟದ ಬಾಗಿಲು ತೆರೆಯುತ್ತದೆ, ಕೈ ನಡುಗುವವರಿಗೆ ಅದೇ ಚಲನೆ ಬಾಗಿಲು ಮುಚ್ಚುತ್ತದೆ. ಇಬ್ಬರಿಗೂ ಆಡಲು ಅವಕಾಶ ಇರಬೇಕಾದರೆ ಸೆನ್ಸರ್ ಇರಬೇಕು, ಅದನ್ನು ಆಫ್ ಮಾಡುವ ಬಟನ್ನೂ ಇರಬೇಕು. ಹಿಡಿಕೆಯ ಸ್ಪರ್ಶದಿಂದ ಜೈರೋವನ್ನು ಎಚ್ಚರಿಸುವ ವಾಲ್ವ್‌ನ ಏರ್ಪಾಡು ಈ ದಿಕ್ಕಿನಲ್ಲಿ ಒಳ್ಳೆಯ ಹೆಜ್ಜೆಯೆಂದು ಕಾಣುವುದು ಇದಕ್ಕಾಗಿ: ಕೈ ಹಿಗ್ಗಿಸುವಾಗ, ನೀರು ಕುಡಿಯುವಾಗ ಗುರಿ ಅಲೆದಾಡದಂತೆ ಆಟಗಾರರೇ ತಡೆಯಬಹುದು.

ಒಬ್ಬರು ಇಡದಿದ್ದರೆ ಎಲ್ಲರಿಗೂ ಇಲ್ಲ

ಸೋನಿಯ ಕಂಟ್ರೋಲರ್‌ಗಳಲ್ಲಿ ಎರಡು ದಶಕಗಳಿಂದ ಚಲನೆಯ ಸೆನ್ಸರ್ ಇದ್ದರೂ ಬಹಳಷ್ಟು ದೊಡ್ಡ ಶೂಟಿಂಗ್ ಆಟಗಳು ಅದನ್ನು ಏಕೆ ಮುಟ್ಟುವುದಿಲ್ಲ? ಒಂದೇ ಆಟವನ್ನು ಪ್ಲೇಸ್ಟೇಷನ್, ಎಕ್ಸ್‌ಬಾಕ್ಸ್, ಪಿಸಿ ಎಲ್ಲಕ್ಕೂ ಮಾಡುವ ಸಂಸ್ಥೆ, ಎಲ್ಲ ಯಂತ್ರಗಳಲ್ಲಿಯೂ ಇರುವ ಬಟನ್‌ಗಳನ್ನೇ ಅಡಿಪಾಯವಾಗಿ ಇಟ್ಟುಕೊಳ್ಳುತ್ತದೆ. ಎಕ್ಸ್‌ಬಾಕ್ಸ್‌ನಲ್ಲಿ ಸೆನ್ಸರ್ ಇಲ್ಲದಿರುವುದರಿಂದ ಜೈರೋ ಅಡಿಪಾಯದಿಂದ ಹೊರಗೆ ಉಳಿಯುತ್ತದೆ. ಹೊರಗೆ ಉಳಿದದ್ದಕ್ಕೆ ಪರೀಕ್ಷೆಯ ಸಮಯವೂ ಹಣವೂ ಸಿಗುವುದಿಲ್ಲ. ಅದರಿಂದ ಕೊನೆಗಳಿಗೆಯಲ್ಲಿ ಅರೆಬರೆಯಾಗಿ ಸೇರಿಸಿದ ಜೈರೋ ಒರಟಾಗಿ ವರ್ತಿಸುತ್ತದೆ. ಒರಟಾಗಿದ್ದುದನ್ನು ಒಮ್ಮೆ ಬಳಸಿದವರು ಅದನ್ನು ಆಫ್ ಮಾಡಿಬಿಡುತ್ತಾರೆ. ಯಾರೂ ಬಳಸುವುದಿಲ್ಲವೆಂಬ ಲೆಕ್ಕ ಮತ್ತೆ ಮುಂದಿನ ಆಟದಿಂದ ಅದನ್ನು ಕೈಬಿಡಲು ಕಾರಣವಾಗುತ್ತದೆ. ಪಿಸಿಯಲ್ಲಿ ಮಾತ್ರ ಈ ಸುತ್ತು ತುಸು ಸಡಿಲವಾಗಿದೆ. ವಾಲ್ವ್‌ನ 2015ರ ಮೊದಲ ಸ್ಟೀಮ್ ಕಂಟ್ರೋಲರ್ ಮತ್ತು 2022ರ ಸ್ಟೀಮ್ ಡೆಕ್ ಎಂಬ ಕೈಯಲ್ಲಿ ಹಿಡಿದಾಡುವ ಯಂತ್ರದಲ್ಲಿ ಜೈರೋ ಇದ್ದು, ಆಟ ಅದನ್ನು ಅರಿಯದಿದ್ದರೂ, ಪಿಸಿಯಲ್ಲಿ ಆಟಗಳನ್ನು ಕೊಂಡು ನಡೆಸಲು ಬಳಸುವ ಸ್ಟೀಮ್ ತಂತ್ರಾಂಶವೇ ಜೈರೋವನ್ನು ಮೌಸ್ ಎಂದು ಆಟಕ್ಕೆ ತೋರಿಸಬಲ್ಲದು. ಮೈಕ್ರೋಸಾಫ್ಟ್ ತನ್ನ ಮುಂದಿನ ಕಂಟ್ರೋಲರ್‌ನಲ್ಲಿ ಈ ಚಿಕ್ಕ ಚಿಪ್ಪನ್ನು ಇಟ್ಟರೆ ಲಾಭ ಅದರ ಗ್ರಾಹಕರಿಗಷ್ಟೇ ಅಲ್ಲ, ಉಳಿದ ಯಂತ್ರಗಳಲ್ಲಿ ಸುಮ್ಮನೆ ಕುಳಿತಿರುವ ಸೆನ್ಸರ್‌ಗಳಿಗೂ ಕೆಲಸ ಸಿಗುತ್ತದೆ.

ಫೋನಿನಲ್ಲಿ ಇಲ್ಲದ ಜೈರೋ

ಮಲೆನಾಡಿನ ಹೆಚ್ಚಿನ ಆಟಗಾರರಿಗೆ ತಟ್ಟುವ ಪರಿಣಾಮ ಫೋನಿನದು. 2021ರ ಜುಲೈನಲ್ಲಿ ಬಂದ ಬಿಜಿಎಂಐ ಆಟದಲ್ಲಿ ಜೈರೋವನ್ನು ಪೂರ್ತಿ ಆಫ್ ಮಾಡಬಹುದು, ಬಂದೂಕಿನ ಗುರಿದರ್ಶಕವಾದ ಸ್ಕೋಪ್ ತೆರೆದಾಗ ಮಾತ್ರ ಬಳಸಬಹುದು, ಅಥವಾ ಸದಾ ಬಳಸಬಹುದು. ಗುಂಡು ಹಾರಿಸುವಾಗ ಮೇಲಕ್ಕೆ ಚಿಮ್ಮುವ ಬಂದೂಕನ್ನು ಫೋನು ತುಸು ಬಗ್ಗಿಸಿ ಹಿಡಿತದಲ್ಲಿಡುವುದು ಪಳಗಿದ ಆಟಗಾರರ ರೂಢಿ, ಏಕೆಂದರೆ ಆಗ ಹೆಬ್ಬೆರಳುಗಳು ನಡೆಯಲು ಮತ್ತು ಹಾರಿಸಲು ಬಿಡುವಾಗಿರುತ್ತವೆ. ಆದರೆ ಕಡಿಮೆ ಬೆಲೆಯ ಎಷ್ಟೋ ಫೋನುಗಳಲ್ಲಿ ಅಕ್ಸೆಲೆರೋಮೀಟರ್ ಇರುತ್ತದೆ, ಜೈರೋ ಇರುವುದಿಲ್ಲ. ಫೋನು ಅಡ್ಡ ಹಿಡಿದಾಗ ಪರದೆ ತಾನಾಗಿ ತಿರುಗುವುದನ್ನು ನೋಡಿ ಜೈರೋ ಇದೆಯೆಂದು ತಿಳಿಯುವವರು ಬಹಳ. ಆ ಕೆಲಸಕ್ಕೆ ಅಕ್ಸೆಲೆರೋಮೀಟರ್ ಒಂದೇ ಸಾಕು.

ಕೆಲವು ಫೋನುಗಳು ಈ ಕೊರತೆಯನ್ನು ವರ್ಚುವಲ್ ಜೈರೋಸ್ಕೋಪ್ ಎಂಬ ಹೆಸರಿನಲ್ಲಿ ತುಂಬುತ್ತವೆ. ಅಂದರೆ ವಾಲಿಕೆಯನ್ನು ಅಕ್ಸೆಲೆರೋಮೀಟರ್‌ನಿಂದಲೂ ದಿಕ್ಕನ್ನು ದಿಕ್ಸೂಚಿಯ ಸೆನ್ಸರ್‌ನಿಂದಲೂ ಪಡೆದು, ತಿರುಗುವ ವೇಗವನ್ನು ಅಂದಾಜು ಮಾಡುತ್ತವೆ. ನಿಧಾನದ ಕೆಲಸಕ್ಕೆ ಇದು ನಡೆಯುತ್ತದೆ. ರಭಸದ ಆಟದಲ್ಲಿ ಈ ಅಂದಾಜು ತಡವಾಗಿ ಬರುತ್ತದೆ, ಕೈ ಅಲುಗಿದಾಗಲೆಲ್ಲ ಅಕ್ಸೆಲೆರೋಮೀಟರ್ ದಾರಿ ತಪ್ಪುತ್ತದೆ, ಹತ್ತಿರದಲ್ಲಿ ಕಬ್ಬಿಣದ ಬೀರುವೋ ಸ್ಪೀಕರಿನ ಅಯಸ್ಕಾಂತವೋ ಇದ್ದರೆ ದಿಕ್ಸೂಚಿಯೂ ಕೆಡುತ್ತದೆ. ಇಂಥ ಫೋನಿನಲ್ಲಿ ಗುರಿ ನಡುಗಿದಾಗ ಆಡುವ ಹುಡುಗನೋ ಹುಡುಗಿಯೋ ತನ್ನ ಕೈಯನ್ನೇ ದೂಷಿಸಿಕೊಳ್ಳುವುದು ಅನ್ಯಾಯ.

ಶಿವಮೊಗ್ಗದ ದುರ್ಗಿಗುಡಿಯಲ್ಲೋ ನೆಹರೂ ರಸ್ತೆಯಲ್ಲೋ ಫೋನು ಕೊಳ್ಳುವ ಮೊದಲು ಅಂಗಡಿಯಲ್ಲೇ ಇದನ್ನು ಪರೀಕ್ಷಿಸಬಹುದು. ಯೂಟ್ಯೂಬ್ ಆ್ಯಪ್‌ನಲ್ಲಿ ಯಾವುದಾದರೂ 360 ಡಿಗ್ರಿ ವಿಡಿಯೋ ತೆರೆದು, ಪರದೆ ಮುಟ್ಟದೆ ನಿಂತಲ್ಲೇ ಎಡಕ್ಕೂ ಬಲಕ್ಕೂ ತಿರುಗಬೇಕು. ಜೈರೋ ಇದ್ದರೆ ನೋಟ ನಿಮ್ಮೊಡನೆ ನುಣುಪಾಗಿ ತಿರುಗುತ್ತದೆ. ಇಲ್ಲದಿದ್ದರೆ ತಿರುಗುವುದೇ ಇಲ್ಲ, ಅಥವಾ ತಡವರಿಸುತ್ತ ತಿರುಗುತ್ತದೆ. ಜೊತೆಗೆ ಕಂಪನಿಯ ವಿವರಪಟ್ಟಿಯ ಸೆನ್ಸರ್ ಸಾಲನ್ನೂ ಓದಬೇಕು. ಅಲ್ಲಿ ಅಕ್ಸೆಲೆರೋಮೀಟರ್ ಎಂದಿದ್ದು, ಜೈರೋಸ್ಕೋಪ್ ಎಂಬ ಪದ ವರ್ಚುವಲ್ ಎಂಬ ವಿಶೇಷಣದೊಡನೆ ಮಾತ್ರ ಕಂಡರೆ, ಆ ಫೋನಿನಲ್ಲಿ ಕಂಪಿಸುವ ಆ ಚಿಕ್ಕ ತುಂಡು ಇಲ್ಲವೆಂದೇ ತಿಳಿಯಬೇಕು.